ಗುಂಟೆಯ ಚಕ್ಕುಬಂದಿ

ಸೊರಬ,
15 ಜೂನ್ 2025

ಅಪ್ಪಾಜಿಗೆ, ಹಾಸ್ಟೆಲಿನ ಎಂಟನೇ ಕೋಣೆಯಿಂದ ಮೈತ್ರಿ.

ನಾನು ಚೆನ್ನಾಗಿದ್ದೇನೆ. ಕಾಲೇಜು ಚೆನ್ನಾಗಿದೆ. ಉಪ್ಪಿಟ್ಟು ಚೆನ್ನಾಗಿದೆ. ನಮ್ಮ ಪತ್ರಗಳನ್ನು ವಾರ್ಡನ್ ಧನಲಕ್ಷ್ಮಿ ಮೇಡಂ ಓದಿಯೇ ಅಂಚೆಗೆ ಹಾಕುತ್ತಾರೆ, ಆದ್ದರಿಂದ ಉಪ್ಪಿಟ್ಟಿನ ಬಗ್ಗೆ ಇಷ್ಟೇ.

ಫೋನನ್ನು ಬಂದ ದಿನವೇ ತೆಗೆದುಕೊಂಡರು. ದಸರಾ ರಜೆವರೆಗೆ ಮನೆಯವರ ಭೇಟಿಯೂ ಇಲ್ಲ. ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ನಾನು ಶನಿವಾರ ಸಂಜೆ ನೋಡುತ್ತಿದ್ದ ಜಪಾನಿನ ಅನಿಮೆ ನೆನಪಿದೆಯಲ್ಲ, ‘ಪಿಯುಸಿಗೆ ಬಂದ ಮೇಲೂ ಬೊಂಬೆ ಚಿತ್ರವಾ’ ಎಂದು ನೀವು ಕೇಳುತ್ತಿದ್ದದ್ದು. ಒಟ್ಟು ಇಪ್ಪತ್ನಾಲ್ಕು ಕಂತು. ಹನ್ನೆರಡು ನೋಡಿ ಬಂದಿದ್ದೇನೆ. ಉಳಿದದ್ದನ್ನು ನೀವು ನೋಡಿ, ಏನಾಯಿತು ಎಂದು ಬರೆಯಬೇಕು. ಅಮ್ಮನಿಗೆ ಒಪ್ಪಿಸಿದರೆ ಮೂರನೇ ವಾರಕ್ಕೆ ಎಲ್ಲರಿಗೂ ಮದುವೆ ಮಾಡಿಸಿಬಿಡುತ್ತಾಳೆ. ನೀವು ಸರ್ವೇಯರ್. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೀರಿ.

ಇಲ್ಲಿಯವರೆಗಿನ ಕಥೆ: ತಮಾಯೊ ಎಂಬ ಹುಡುಗಿ, ನನ್ನಷ್ಟೇ ವಯಸ್ಸು, ಒಂದು ಸೇತುವೆಯ ಕಾವಲಿಗಿದ್ದಾಳೆ. ಅವಳನ್ನು ಸಾಕಿದ ಗುರು ಹೊಳೆಯ ಪ್ರವಾಹದಲ್ಲಿ ತೀರಿಹೋದರು. ಅವಳು ಅಳಲಿಲ್ಲ. ಯಾರು ಕೇಳಿದರೂ ‘ನನಗೇನೂ ಆಗಿಲ್ಲ’ ಅನ್ನುತ್ತಾಳೆ. ಹಾಗೆ ಅಂದಾಗಲೆಲ್ಲ ಅವಳ ಹಿಂದೆ ನಡೆದು ಬರುವ ಒಂದು ಒದ್ದೆ ಪ್ರಾಣಿ ಸ್ವಲ್ಪ ದೊಡ್ಡದಾಗುತ್ತದೆ. ಅವಳು ಅದನ್ನು ತಿರುಗಿ ನೋಡುವುದಿಲ್ಲ.

ಗುಂಟೆ ಹೇಗಿದ್ದಾನೆ? ಗುಂಟೆ ಅಂದರೆ ನಮ್ಮ ನಾಯಿ ಎಂದರೆ ಇಲ್ಲಿ ಯಾರೂ ನಂಬುವುದಿಲ್ಲ. ಮರಿಗಳಲ್ಲೆಲ್ಲ ಚಿಕ್ಕದಾಗಿತ್ತು, ಇಂಥವು ನಲವತ್ತು ಸೇರಿದರೆ ಒಂದೆಕರೆ ನಾಯಿ ಆಗುತ್ತದೆ ಎಂದು ಅಪ್ಪಾಜಿ ಇಟ್ಟ ಹೆಸರು ಎಂದು ಹೇಳಿದೆ. ಆಗಲೂ ನಂಬಲಿಲ್ಲ. ಪ್ರತಿ ಪತ್ರದಲ್ಲೂ ಅವನ ವರದಿ ಬೇಕು. ದಸರಾಕ್ಕೆ ಬಂದು ಗೇಟು ತೆಗೆದಾಗ ಅವನು ಓಡಿ ಬರುತ್ತಾನಲ್ಲ, ಅದನ್ನು ನೆನೆದುಕೊಂಡೇ ದಿನ ಎಣಿಸುತ್ತಿದ್ದೇನೆ. ಇನ್ನು ತೊಂಬತ್ತೇಳು.

ನಿಮ್ಮ
ಮೈತ್ರಿ


ಶಿಕಾರಿಪುರ,
22 ಜೂನ್ 2025

ಚಿ. ಮೈತ್ರಿಗೆ,

ನಿನ್ನ ಕೋರಿಕೆಯಂತೆ ದಿನಾಂಕ 21ರ ಶನಿವಾರ ಸಂಜೆ 6 ಗಂಟೆಗೆ ಹದಿಮೂರನೇ ಕಂತನ್ನು ಪರಿಶೀಲಿಸಲಾಯಿತು. ಹಾಜರಿದ್ದವರು: ನಾನು, ನಿನ್ನ ತಾಯಿ ಸರ್ವಮಂಗಳ (ಅರ್ಧಕ್ಕೆ ಒಗ್ಗರಣೆ ಹಾಕಲು ಎದ್ದುಹೋದಳು), ಗುಂಟೆ (ಆದ್ಯಂತ ನಿದ್ರೆ). ಕಂತಿನ ಅವಧಿ ಇಪ್ಪತ್ನಾಲ್ಕು ನಿಮಿಷ. ಕೆಳಗೆ ಬರುವ ಇಂಗ್ಲಿಷನ್ನು ನಿಲ್ಲಿಸಿ ನಿಲ್ಲಿಸಿ ಓದಿದ್ದರಿಂದ ಒಂದೂವರೆ ಗಂಟೆ ಹಿಡಿಯಿತು.

ಸ್ಥಳದ ಚಕ್ಕುಬಂದಿ: ಸೇತುವೆಯ ಪೂರ್ವಕ್ಕೆ ಬೆಟ್ಟ, ಪಶ್ಚಿಮಕ್ಕೆ ಊರು, ಉತ್ತರಕ್ಕೂ ದಕ್ಷಿಣಕ್ಕೂ ಹೊಳೆ. ನಾಲ್ಕು ದಿಕ್ಕಿನ ಗಡಿ ಬರೆಯದೆ ಮುಂದೆ ಹೋಗಿ ನನಗೆ ಅಭ್ಯಾಸವಿಲ್ಲ.

ನಡೆದದ್ದು: ಕುದುರೆ ಸವಾರರು ಒಂಬತ್ತು ಮಂದಿ ಬಂದರು. ತಮಾಯೊ ತಡೆದಳು. ಏಳು ಮಂದಿ ನೀರಿಗೆ ಬಿದ್ದರು, ಇಬ್ಬರು ಹಿಂತಿರುಗಿದರು. ಊರಿನವರು ‘ಪೆಟ್ಟಾಯಿತೇ?’ ಎಂದರು. ‘ನನಗೇನೂ ಆಗಿಲ್ಲ’ ಎಂದಳು. ಪ್ರಾಣಿ ಬೆಳೆಯಿತು. ಹಿಂದೆ ಎಮ್ಮೆಕರುವಿನಷ್ಟಿದ್ದದ್ದು ಈಗ ಎಮ್ಮೆಯಷ್ಟಿದೆ.

ಆಕ್ಷೇಪಣೆ: ತಮಾಯೊ ನಡೆಯುವಾಗ ಸೇತುವೆ ನಲವತ್ತು ಹೆಜ್ಜೆ. ಓಡುವಾಗ ಮೂರು ನಿಮಿಷವಾದರೂ ಮುಗಿಯುವುದಿಲ್ಲ. ಎರಡರಲ್ಲಿ ಒಂದು ತಪ್ಪು.

ಗುಂಟೆ: ಆರೋಗ್ಯ. ಬೆಳಿಗ್ಗೆ ಎರಡು ರೊಟ್ಟಿ. ಅಂಚೆಯವರಿಗೆ ಮೂರು ಸಲ, ನೆರೆಮನೆ ಬೆನಕಪ್ಪನವರಿಗೆ ಒಂದು ಸಲ ಬೊಗಳಿದೆ. ವಯಸ್ಸು ಹನ್ನೊಂದಾದರೂ ದನಿ ಗಟ್ಟಿಯಿದೆ. ನಿನ್ನ ಹಳೆಯ ಚಪ್ಪಲಿಯನ್ನು ಗೇಟಿನ ಬಳಿ ಇಟ್ಟುಕೊಂಡು ಮಲಗುತ್ತದೆ.

ಮೊಣಕಾಲು ನೋವು ಹಾಗೇ ಇದೆ. ಓದಿನ ಕಡೆ ಗಮನವಿರಲಿ.

ಪಂಚಾಕ್ಷರಪ್ಪ
ಭೂಮಾಪಕ


ಸೊರಬ,
29 ಜೂನ್ 2025

ಅಪ್ಪಾಜಿ,

ನಿಮ್ಮ ಮಹಜರು ತಲುಪಿತು. ಕೋಣೆಯ ಐವರೂ ಕೇಳಿದರು. ಏಳು ಮಂದಿ ನೀರಿಗೆ ಬಿದ್ದಲ್ಲಿ ಚಪ್ಪಾಳೆ ಬಿತ್ತು. ನಾನು ಚೆನ್ನಾಗಿದ್ದೇನೆ. ಆದರೆ ತಮಾಯೊ ಮುಖ ಹೇಗಿತ್ತು ಎಂದು ನೀವು ಬರೆಯಲಿಲ್ಲ. ಗುಂಟೆಗೆ ನನ್ನ ಇನ್ನೊಂದು ಚಪ್ಪಲಿಯನ್ನೂ ಕೊಡಿ. ಇನ್ನು ಎಂಬತ್ತಮೂರು.

ಮೈತ್ರಿ

(ಬೇರೆ ಶಾಯಿಯಲ್ಲಿ:) ಪಾಲಕರ ಗಮನಕ್ಕೆ: ಪತ್ರಗಳು ಒಂದು ಪುಟ ಮೀರಬಾರದೆಂಬ ನಿಯಮವಿದೆ. ಕಂತಿನ ವಿವರಕ್ಕೆ ಎರಡು ಪುಟ ಬಳಸಬಹುದು. ಆ ಪ್ರಾಣಿ ಯಾವುದು? – ಧನಲಕ್ಷ್ಮಿ, ವಾರ್ಡನ್.


ಶಿಕಾರಿಪುರ,
13 ಜುಲೈ 2025

ಚಿ. ಮೈತ್ರಿಗೆ,

ಹದಿನಾಲ್ಕು, ಹದಿನೈದನೇ ಕಂತುಗಳ ವಿವರ ಲಗತ್ತಿಸಿದೆ. ನಿನ್ನೆ ಹದಿನಾರನೆಯದನ್ನು ನೋಡಿದೆ.

ಮೊದಲ ಐದು ನಿಮಿಷ ಮಳೆ. ಆರನೇ ನಿಮಿಷದಲ್ಲಿ ತಮಾಯೊ ಮನೆಗೆ ಬಂದಳು. ಏಳರಿಂದ ಹದಿನಾಲ್ಕನೇ ನಿಮಿಷದವರೆಗೆ ಏನೂ ನಡೆಯಲಿಲ್ಲ. ಕಿಟಕಿಯ ಹತ್ತಿರ ನಿಂತಿದ್ದಳು. ಅನಂತರ ಕಾಳಗ: ಎದುರಾಳಿಗಳು ಹನ್ನೆರಡು, ಬಿದ್ದವರು ಹನ್ನೆರಡು. ಪ್ರಾಣಿ ಈಗ ಲಾರಿಯಷ್ಟಿದೆ, ಬಾಗಿಲಲ್ಲಿ ಹಿಡಿಸುವುದಿಲ್ಲ, ಹೊರಗೆ ನೆನೆಯುತ್ತ ಕೂತಿದೆ. ಮುಖದ ವಿಷಯ ಕೇಳಿದ್ದೀಯ. ಮುಖ ಇತ್ತು. ಕಣ್ಣು ದೊಡ್ಡವು.

ವಾರ್ಡನ್‌ರವರ ಪ್ರಶ್ನೆಯನ್ನು ಬೆನಕಪ್ಪನವರ ಮುಂದಿಟ್ಟೆ. ಪಶು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು, ‘ಪಂಚಾಕ್ಷರಪ್ನೋರೇ, ತುಪ್ಪಳ ನೋಡಿದ್ರೆ ಕರಡಿ, ಬಾಲ ನೋಡಿದ್ರೆ ನಾಯಿ, ಕಣ್ಣು ನೋಡಿದ್ರೆ ನಮ್ಮ ಮಾವನವ್ರು. ಇದಕ್ಕೆ ಸರ್ಟಿಫಿಕೇಟ್ ಕೊಡಾಕಾಗಲ್ಲ ಬಿಡ್ರಿ’ ಎಂದರು.

ಗುಂಟೆ: ಯಥಾಪ್ರಕಾರ.

ಈ ಪತ್ರದ ಕೊನೆಯಲ್ಲಿ ಎರಡು ಸಾಲು ಬರೆಯುತ್ತೇನೆ ಎಂದಿದ್ದ ನಿನ್ನ ತಾಯಿ ಈಗ ಬರೆಯುವುದಿಲ್ಲವಂತೆ. ಕಾರಣ ಕೇಳಿದೆ. ‘ನಿಮಗೆ ಗೊತ್ತೈತಿ’ ಎಂದಳು.

ಪಂಚಾಕ್ಷರಪ್ಪ
ಭೂಮಾಪಕ


ಸೊರಬ,
20 ಜುಲೈ 2025

ಅಪ್ಪಾಜಿ,

ನಾನು ಚೆನ್ನಾಗಿದ್ದೇನೆ.

ಏಳು ನಿಮಿಷ ಏನೂ ನಡೆಯದೆ ಇರುವುದಿಲ್ಲ. ಒಂದೊಂದು ಚಿತ್ರವನ್ನೂ ಕೂತು ಬರೆಯಬೇಕು ಅಪ್ಪಾಜಿ, ಯಾರೂ ಸುಮ್ಮನೆ ಏಳು ನಿಮಿಷ ಬರೆಯುವುದಿಲ್ಲ. ದಯವಿಟ್ಟು ಮತ್ತೆ ನೋಡಿ.

ಇನ್ನೊಂದು. ಗುಂಟೆ ವರದಿ ಯಾಕೆ ಒಂದೇ ಪದ? ರೊಟ್ಟಿ ಎಷ್ಟು? ಯಾರಿಗೆ ಬೊಗಳಿದ? ಅಮ್ಮನಿಗೆ ನನ್ನ ಮೇಲೆ ಸಿಟ್ಟಾ? ಇನ್ನು ಅರವತ್ತೆರಡು.

ಮೈತ್ರಿ


ಶಿಕಾರಿಪುರ,
3 ಆಗಸ್ಟ್ 2025

ಚಿ. ಮೈತ್ರಿಗೆ,

ಹತ್ತೊಂಬತ್ತನೇ ಕಂತಿನವರೆಗೆ ವಿವರ ಲಗತ್ತಿಸಿದೆ. ಕತ್ತಿ ಮುರಿದಿದೆ. ಹೊಸ ಕತ್ತಿಗೆ ಅರ್ಜಿ ಹಾಕಿಲ್ಲ. ಪ್ರಾಣಿ ಸೇತುವೆಯಷ್ಟಾಗಿದೆ, ಸೇತುವೆಯ ಉದ್ದದ ಬಗ್ಗೆ ನನ್ನ ಆಕ್ಷೇಪಣೆ ಇರುವುದರಿಂದ ನಿಖರ ಅಳತೆ ಕೊಡಲಾಗದು.

ಹದಿನಾರನೇ ಕಂತನ್ನು ಮತ್ತೆ ನೋಡಲು ಕೆಲಸದ ಒತ್ತಡದಿಂದ ಆಗಿಲ್ಲ.

ನಿನ್ನ ತಾಯಿಗೆ ನಿನ್ನ ಮೇಲೆ ಸಿಟ್ಟಿಲ್ಲ.

ಗುಂಟೆ: ರೊಟ್ಟಿ ಎರಡು.

ಪಂಚಾಕ್ಷರಪ್ಪ


ಸೊರಬ,
10 ಆಗಸ್ಟ್ 2025

ಶ್ರೀ ಪಂಚಾಕ್ಷರಪ್ಪನವರಿಗೆ, ವಾರ್ಡನ್ ಧನಲಕ್ಷ್ಮಿ ತಿಳಿಸುವುದೇನೆಂದರೆ,

ಇದು ದೂರಿನ ಪತ್ರವಲ್ಲ. ನಿಮ್ಮ ಮಗಳ ಮೇಲೆ ಒಂದೂ ದೂರಿಲ್ಲ. ಅದೇ ತೊಂದರೆ. ಹೊಸದಾಗಿ ಸೇರಿದ ಮಕ್ಕಳು ಮೊದಲ ವಾರ ಅಳುತ್ತಾರೆ, ಎರಡನೇ ವಾರ ಜಗಳವಾಡುತ್ತಾರೆ, ಮೂರನೇ ವಾರ ಅನ್ನ ಸರಿಯಿಲ್ಲ ಎಂದು ಅರ್ಜಿ ಬರೆಯುತ್ತಾರೆ. ಆಮೇಲೆ ಹೊಂದಿಕೊಳ್ಳುತ್ತಾರೆ. ಮೈತ್ರಿ ಇದರಲ್ಲಿ ಒಂದನ್ನೂ ಮಾಡಿಲ್ಲ. ಊಟ ಅರ್ಧವಾಗಿದೆ. ಏನಾಯಿತಮ್ಮ ಎಂದರೆ ‘ಚೆನ್ನಾಗಿದ್ದೀನಿ ಮೇಡಂ’ ಅನ್ನುತ್ತಾಳೆ. ಹಾಗೆ ಅಂದಾಗಲೆಲ್ಲ ನಾನು ಅವಳ ಹಿಂದೆ ನೋಡುವಂತಾಗಿದೆ. ಅದಕ್ಕೆ ನಿಮ್ಮ ಪತ್ರಗಳೇ ಕಾರಣ.

ಹುಡುಗಿ ನಗುವುದು ಒಂದೇ ವಿಷಯಕ್ಕೆ, ಆ ನಾಯಿ. ಗೇಟು ತೆಗೆದಾಗ ಅದು ಹೇಗೆ ಓಡಿ ಬರುತ್ತದೆ ಎಂದು ಕೋಣೆಯವರಿಗೆಲ್ಲ ಅಭಿನಯಿಸಿ ತೋರಿಸಿದ್ದಾಳೆ. ನಿಮ್ಮ ನಾಯಿಯ ವರದಿ ಮಾತ್ರ ವಾರದಿಂದ ವಾರಕ್ಕೆ ಚಿಕ್ಕದಾಗುತ್ತಿದೆ. ಇಪ್ಪತ್ತು ವರ್ಷದಿಂದ ಬೇರೆಯವರ ಮನೆಯ ಪತ್ರ ಓದುತ್ತಿದ್ದೇನೆ. ಚಿಕ್ಕದಾಗುವುದು ನನಗೆ ಗೊತ್ತಾಗುತ್ತದೆ.

ಹದಿನಾರನೇ ಕಂತಿನ ಆ ಏಳು ನಿಮಿಷವನ್ನು ಮತ್ತೆ ನೋಡಬೇಕೆಂದು ನನ್ನದೂ ವಿನಂತಿ.

ವಿಶ್ವಾಸಿ,
ಧನಲಕ್ಷ್ಮಿ


ಶಿಕಾರಿಪುರ,
17 ಆಗಸ್ಟ್ 2025

ವಾರ್ಡನ್ ಶ್ರೀಮತಿ ಧನಲಕ್ಷ್ಮಿಯವರಿಗೆ,

ಈ ಪತ್ರವನ್ನು ಮೈತ್ರಿಗೆ ತೋರಿಸಬಾರದಾಗಿ ಕೋರುತ್ತೇನೆ.

ನಾಯಿ ಜುಲೈ 9ರ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಗೇಟಿನ ಬಳಿ ತೀರಿಕೊಂಡಿತು. ಕಾಯಿಲೆಯಿಲ್ಲ, ವಯಸ್ಸು ಎಂದು ಬೆನಕಪ್ಪನವರು ಹೇಳಿದರು. ನಾನು ಆಗ ಬಂದಳಿಕೆಯಲ್ಲಿ ನಾಗರಾಜಪ್ಪ ಎಂಬ ರೈತರ ಜಮೀನು ಅಳೆಯುತ್ತಿದ್ದೆ. ಹೆಂಡತಿಯ ಫೋನು ಬಂತು. ‘ಸರಿ’ ಎಂದು ಹೇಳಿ ಕೆಲಸ ಮುಂದುವರಿಸಿದೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ ಟೇಪನ್ನು ತಲೆಕೆಳಗಾಗಿ ಓದಿ ಆರನ್ನು ಒಂಬತ್ತು ಎಂದು ಬರೆದೆ. ನಾಗರಾಜಪ್ಪನವರು, ‘ಸಾಹೇಬ್ರೇ, ನಿನ್ನೆ ಮಲಗೋವಾಗ ಇಷ್ಟಿರಲಿಲ್ರೀ ನಮ್ಮ ಹೊಲ’ ಎಂದರು. ‘ಮೈಗೆ ಹುಷಾರಿಲ್ಲೇನ್ರೀ?’ ಎಂದೂ ಕೇಳಿದರು. ನನಗೇನೂ ಆಗಿಲ್ಲ ಎಂದೆ.

ಪರೀಕ್ಷೆ ಮುಗಿಯುವವರೆಗೆ ಮಗಳಿಗೆ ತಿಳಿಸುವುದು ಬೇಡ ಎಂದು ನಾನೇ ತೀರ್ಮಾನಿಸಿದೆ. ಹೆಂಡತಿ ಒಪ್ಪಲಿಲ್ಲ. ‘ಗೇಟು ತೆಗೆದ ಕೂಡ್ಲೆ ಗೊತ್ತಾಗಲ್ವೇನ್ರೀ ಅವಳಿಗೆ? ಬೊಗಳಾಕೆ ಬೆನಕಪ್ನೋರನ್ನ ನಿಲ್ಲಿಸ್ತೀರಾ?’ ಎಂದಳು. ಸುಳ್ಳಿನ ಕೆಳಗೆ ತಾನು ಎರಡು ಸಾಲು ಬರೆಯುವುದಿಲ್ಲ ಎಂದಳು.

ನಿಮ್ಮ ವಿನಂತಿಯಂತೆ ಹದಿನಾರನೇ ಕಂತನ್ನು ನಿನ್ನೆ ಮರುಪರಿಶೀಲಿಸಿದೆ. ತಮಾಯೊ ಕಿಟಕಿಯ ಹತ್ತಿರ ನಿಂತಿದ್ದಾಳೆ ಎಂದು ಬರೆದಿದ್ದೆ. ನಿಲ್ಲುವ ಮೊದಲು ಅವಳು ಎರಡು ಬಟ್ಟಲು ತೆಗೆದು ಚಹಾ ಮಾಡುತ್ತಾಳೆ. ಒಂದು ಅವಳದು, ಇನ್ನೊಂದು ಗುರುವಿನದು. ಗುರು ತೀರಿ ಐದು ತಿಂಗಳಾಗಿದೆ. ಎರಡನೇ ಬಟ್ಟಲು ಆರುವವರೆಗೆ ನಿಂತಿದ್ದು, ಆಮೇಲೆ ಅದನ್ನು ತೊಳೆದು ಇಡುತ್ತಾಳೆ. ಇದು ಮೊದಲ ಸಲ ನನಗೆ ಕಂಡಿರಲಿಲ್ಲ.

ನಮ್ಮ ಮನೆಯಲ್ಲಿ ಜುಲೈ 9ರ ನಂತರವೂ ದಿನಾ ಎರಡು ರೊಟ್ಟಿ ಹೆಚ್ಚಾಗುತ್ತಿವೆ. ನಾನೇ ತಿನ್ನುತ್ತಿದ್ದೇನೆ. ಅಂಗಿಯ ಗುಂಡಿ ಹಿಡಿಯುತ್ತಿಲ್ಲ.

ಬಟ್ಟಲು ತೊಳೆಯುವ ಹೊತ್ತಿಗೆ ನನ್ನ ಕಣ್ಣಲ್ಲಿ ನೀರು ಬಂತು. ಹೆಂಡತಿ ನೋಡಿದಳು. ‘ಹೊಗೆ’ ಎಂದೆ. ‘ಗ್ಯಾಸಿನ ಒಲೆಗೆ ಯಾವ ಹೊಗೆ ಬರ್ತತಿ? ಅಳೋದಾದ್ರೆ ಅಳ್ರೀ, ಒಲೆ ಮೇಲೆ ಯಾಕೆ ಹಾಕ್ತೀರಿ’ ಎಂದಳು.

ಮಗಳಿಗೆ ಈ ವಿಷಯವನ್ನು ತಾವೇ ಸೂಕ್ತ ಸಮಯ ನೋಡಿ ತಿಳಿಸಲು ಸಾಧ್ಯವೇ?

ಪಂಚಾಕ್ಷರಪ್ಪ


ಸೊರಬ,
21 ಆಗಸ್ಟ್ 2025

ಶ್ರೀ ಪಂಚಾಕ್ಷರಪ್ಪನವರಿಗೆ,

ಸಾಧ್ಯವಿಲ್ಲ. ನಾನು ಪತ್ರ ಓದುವವಳು. ಬರೆಯಬೇಕಾದವರು ನೀವು.

ಪರೀಕ್ಷೆ ಸೆಪ್ಟೆಂಬರ್ 10ಕ್ಕೆ ಮುಗಿಯುತ್ತದೆ. ಅದರ ಮರುದಿನ ಕೊಡುವ ಹಾಗೆ ಕಳಿಸಿ. ಕೊಡುವಾಗ ನಾನು ಅವಳ ಜೊತೆಯಲ್ಲಿರುತ್ತೇನೆ. ಅಷ್ಟು ನನ್ನ ಹೊಣೆ.

ಧನಲಕ್ಷ್ಮಿ


ಶಿಕಾರಿಪುರ,
7 ಸೆಪ್ಟೆಂಬರ್ 2025

ಮೈತ್ರಿಗೆ,

ನಿನ್ನೆ ಕೊನೆಯ ಕಂತು ನೋಡಿದೆವು. ನಿನ್ನ ತಾಯಿ ಒಗ್ಗರಣೆ ಬಿಟ್ಟು ಪೂರ್ತಿ ಕೂತಿದ್ದಳು. ಬೆನಕಪ್ಪನವರೂ ಬಂದಿದ್ದರು. ಪ್ರಾಣಿಯ ಗತಿ ಏನಾಯಿತು ಎಂದು ತಿಳಿಯದೆ ಅವರಿಗೆ ಸಮಾಧಾನವಿರಲಿಲ್ಲ.

ಕಾಳಗವಿಲ್ಲ. ತಮಾಯೊ ಸೇತುವೆಯ ನಡುವೆ ಬಂದು ನಿಂತಳು. ಹಿಂದೆ ಪ್ರಾಣಿ, ಬೆಟ್ಟದಷ್ಟು, ನೀರು ಸುರಿಸಿಕೊಂಡು. ಇಪ್ಪತ್ತಮೂರು ಕಂತಿನಲ್ಲಿ ತಿರುಗದವಳು ತಿರುಗಿದಳು. ಬೆನಕಪ್ಪನವರು, ‘ತಿನ್ನತ್ತೆ ನೋಡ್ರಿ ಈಗ’ ಎಂದರು. ತಿನ್ನಲಿಲ್ಲ. ತಮಾಯೊ ಅದರ ಮುಖ ನೋಡಿ ಕೇಳಿದಳು: ‘ಊಟ ಆಯಿತಾ?’ ಕೆಳಗೆ ಇಂಗ್ಲಿಷಿನಲ್ಲಿ ಹಾಗೇ ಇತ್ತು, ಎರಡು ಸಲ ಓದಿದೆ. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಅತ್ತಳು. ನಾಲ್ಕು ನಿಮಿಷ ಅತ್ತಳು. ಈ ನಾಲ್ಕು ನಿಮಿಷವನ್ನು ‘ಏನೂ ನಡೆಯಲಿಲ್ಲ’ ಎಂದು ಬರೆಯುವುದಿಲ್ಲ.

ಅತ್ತ ಮೇಲೆ ಪ್ರಾಣಿ ಮಾಯವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಚಿಕ್ಕದಾಯಿತು. ಕೊನೆಗೆ ಅವಳ ಮೊಣಕಾಲೆತ್ತರಕ್ಕೆ ನಿಂತಿತು. ಮೈ ಒಣಗಿತ್ತು. ಅವಳು ಎದ್ದು ನಡೆದಳು, ಅದು ಪಕ್ಕದಲ್ಲಿ ನಡೆಯಿತು. ಅಷ್ಟಕ್ಕೆ ಮುಗಿಯಿತು.

ಮೊಣಕಾಲೆತ್ತರ ಎಂದರೆ ಗುಂಟೆಯ ಎತ್ತರ. ಬೆನಕಪ್ಪನವರು ಚಹಾ ಕುಡಿಯದೆ ಹೋದರು.

ಮೈತ್ರಿ, ನಾನು ಸುಳ್ಳು ಮಹಜರು ಕಳಿಸಿದ್ದೇನೆ. ಗುಂಟೆ ಜುಲೈ 9ರಂದು ತೀರಿಹೋದ. ನಿನ್ನ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿದ್ದವನು ಏಳಲಿಲ್ಲ. ನೋವು ಪಡಲಿಲ್ಲ. ‘ಯಥಾಪ್ರಕಾರ’ ಎಂದದ್ದು ಸುಳ್ಳು. ‘ರೊಟ್ಟಿ ಎರಡು’ ಎಂದದ್ದರಲ್ಲಿ ರೊಟ್ಟಿ ನಿಜ, ತಿಂದವನು ನಾನು. ನಿನಗೆ ನೋವಾಗಬಾರದೆಂದು ಬರೆಯಲಿಲ್ಲ ಎಂದು ನಿನ್ನ ತಾಯಿಗೆ ಹೇಳಿದ್ದೆ. ಅದೂ ಪೂರ್ತಿ ನಿಜವಲ್ಲ. ಬರೆದರೆ ನಾನು ಇನ್ನೊಂದು ಸಲ ಓದಬೇಕಾಗುತ್ತಿತ್ತು. ಜೂನ್‌ನಲ್ಲಿ ನಿನ್ನನ್ನು ಹಾಸ್ಟೆಲಿನಲ್ಲಿ ಬಿಟ್ಟು ಬಂದ ದಿನವೂ ಹೀಗೇ ಆಗಿತ್ತು. ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಲ ಕೇಳಿದರೂ ಇಳಿಯುವ ಊರು ಯಾವುದೆಂದು ಹೇಳಲು ದನಿ ಬರಲಿಲ್ಲ. ಗಂಟಲು ಕಟ್ಟಿದೆ ಎಂದು ಸನ್ನೆ ಮಾಡಿದೆ. ಅವರು ಒಂದು ಪೆಪ್ಪರ್‌ಮೆಂಟು ಕೊಟ್ಟರು.

ಹಿತ್ತಲಲ್ಲಿ ಅವನನ್ನು ಹೂಳಿದ ಜಾಗಕ್ಕೆ ಗಡಿಯ ಬಾಂದು ಕಲ್ಲು ಒಂದನ್ನು ನೆಟ್ಟಿದ್ದೇನೆ. ಇಲಾಖೆಯದಲ್ಲ, ರಸೀದಿ ಇದೆ. ಚಕ್ಕುಬಂದಿ:

ಪೂರ್ವಕ್ಕೆ: ಕರಿಬೇವಿನ ಗಿಡ.
ಪಶ್ಚಿಮಕ್ಕೆ: ಬೆನಕಪ್ಪನವರ ಕಾಂಪೌಂಡು.
ಉತ್ತರಕ್ಕೆ: ಅವನು ನೀರು ಕುಡಿಯುತ್ತಿದ್ದ ತೊಟ್ಟಿ.
ದಕ್ಷಿಣಕ್ಕೆ: ನಾನು, ನಿಂತು ಬರೆದದ್ದು.

ಅಪ್ಪಾಜಿ

ಮೈತ್ರಿ ಪುಟ್ಟಿ, ಅಮ್ಮ ಬರೀತಿರೋದು. ಈಗ ಪತ್ರ ಸರಿಯಾಗೈತಿ, ಅದಕ್ಕೇ ಎರಡು ಸಾಲು. ಅತ್ತು ಆಮೇಲೆ ಊಟ ಮಾಡು.


ಸೊರಬ,
14 ಸೆಪ್ಟೆಂಬರ್ 2025

ಅಪ್ಪಾಜಿ, ಅಮ್ಮ,

ಮಹಜರು: ದಿನಾಂಕ 11ರ ಗುರುವಾರ ಸಂಜೆ 5.40ರಿಂದ 6.25ರವರೆಗೆ ಅತ್ತೆ. ಸ್ಥಳ: ಬಟ್ಟೆ ಒಣಗಿಸುವ ತಂತಿಯ ಕೆಳಗೆ. ಪೂರ್ವಕ್ಕೆ ನೀರಿನ ಟ್ಯಾಂಕು, ಪಶ್ಚಿಮಕ್ಕೆ ಅಡುಗೆಮನೆ, ಉತ್ತರಕ್ಕೆ ಕೋಣೆಯವರು ಐದು ಮಂದಿ, ಸಾಲಾಗಿ ಕೂತು. ದಕ್ಷಿಣಕ್ಕೆ ಧನಲಕ್ಷ್ಮಿ ಮೇಡಂ. ಅವರೂ ಅತ್ತರು.

ನಿಮ್ಮ ಮೇಲೆ ಎರಡು ದಿನ ಸಿಟ್ಟಿತ್ತು. ಮೂರನೇ ದಿನ ಆ ಪೆಪ್ಪರ್‌ಮೆಂಟು ನೆನಪಾಗಿ ತರಗತಿಯಲ್ಲಿ ನಗು ಬಂತು. ಭೌತಶಾಸ್ತ್ರದ ಯತೀಶ ಸರ್ ಹೊರಗೆ ನಿಲ್ಲಿಸಿದರು. ನನ್ನ ಮೇಲೆ ಬಂದ ಮೊದಲ ದೂರು ಅದು. ಮೇಡಂ ಅದನ್ನು ಸಂತೋಷದಿಂದ ಬರೆದುಕೊಂಡರು.

ನಾನೂ ತಪ್ಪು ವರದಿ ಕಳಿಸಿದ್ದೇನೆ. ನಾನು ಚೆನ್ನಾಗಿಲ್ಲ. ಮೂರು ತಿಂಗಳಿಂದ ಮನೆ ನೆನಪಾಗುತ್ತಿದೆ. ಗಣಿತ ಅರ್ಥವಾಗುತ್ತಿಲ್ಲ. ಉಪ್ಪಿಟ್ಟು ಚೆನ್ನಾಗಿಲ್ಲ. ಈ ಸಾಲು ನಿಮಗೆ ತಲುಪಿದರೆ ಮೇಡಂ ಅದನ್ನು ಹೊಡೆದುಹಾಕಲಿಲ್ಲ ಎಂದರ್ಥ. ಇಷ್ಟು ಬರೆದ ಮೇಲೆ ಇಲ್ಲಿ ಇರಬಹುದು ಅನ್ನಿಸುತ್ತಿದೆ. ನಿನ್ನೆ ಎರಡನೇ ಸಲ ಅನ್ನ ಹಾಕಿಸಿಕೊಂಡೆ.

ನಿಮ್ಮ ಮಹಜರಿನಲ್ಲಿ ಎರಡು ಲೋಪಗಳಿವೆ. ಒಂದು, ಸಾಕ್ಷಿಗೆ ನಿಂತ ಪಂಚರ ಸಹಿ ಇಲ್ಲ. ಸಹಿಯಿಲ್ಲದ ಮಹಜರು ನಡೆಯುವುದಿಲ್ಲ ಎಂದು ನೀವೇ ಹೇಳುತ್ತಿದ್ದಿರಿ. ಅದಕ್ಕೆ ಕೆಳಗೆ ನಾವಿಬ್ಬರು ಹಾಕಿದ್ದೇವೆ. ಎರಡು, ದಕ್ಷಿಣದ ಗಡಿ. ಗಡಿ ಎಂದರೆ ಅಲ್ಲಾಡದ ವಸ್ತುವಾಗಿರಬೇಕು. ನೀವು ಅಲ್ಲಾಡಿದ್ದೀರಿ. ಅದನ್ನು ನಾನು ಬಂದು ಸ್ಥಳದಲ್ಲೇ ನೋಡಿ ತೀರ್ಮಾನಿಸುತ್ತೇನೆ.

ಇನ್ನು ಆರು ದಿನ. ಗೇಟು ತೆಗೆದಾಗ ಗುಂಟೆ ಓಡಿ ಬರುವುದಿಲ್ಲ ಎಂದು ಈಗ ಗೊತ್ತಿದೆ. ಅಂದು ರಜೆ ಹಾಕಿ ಮನೆಯಲ್ಲಿರಿ. ಓಡುವುದು ಬೇಡ, ನಿಮಗೆ ಮೊಣಕಾಲು ನೋವು. ಗೇಟಿನವರೆಗೆ ನಡೆದು ಬಂದರೆ ಸಾಕು.

ನಿಮ್ಮ
ಮೈತ್ರಿ

ಪಂಚರು:
1. ಮೈತ್ರಿ ಪಂಚಾಕ್ಷರಪ್ಪ
2. ಧನಲಕ್ಷ್ಮಿ (ಓದಿದ್ದೇನೆ. ಉಪ್ಪಿಟ್ಟಿನ ವಿಷಯ ಸತ್ಯ.)